ಹೆಂಡತಿಗೆ ಮನಸ್ಸಿಲ್ಲ: ನೀವೇನು ಮಾಡಿದಿರಿ?

ಬಸವನಗುಡಿ, 61: ಹೆಂಡತಿಗೆ 57. ಎರಡು ವರ್ಷಗಳಿಂದ ಹತ್ತಿರ ಹೋದರೆ ಗೋಡೆಯ ಕಡೆಗೆ ತಿರುಗಿ ಮಲಗುತ್ತಾಳೆ. ಜಗಳವೇನೂ ಇಲ್ಲ. ಅನುಭವವಿದ್ದವರು ತಿಳಿಸಿ.

ವಿಜಯನಗರ, 66: ನಮ್ಮ ಮನೆಯಲ್ಲಿ ಸೋತವನು ನಾನು. ಹದಿನಾಲ್ಕು ವರ್ಷಗಳ ಸಕ್ಕರೆ ಕಾಯಿಲೆ. ನಾಚಿಕೆಯಿಂದ ವೈದ್ಯರನ್ನು ಬಿಟ್ಟು ಮೆಜೆಸ್ಟಿಕ್ ಬಳಿ ಡೇರೆ ಹಾಕಿದ್ದವನ ಹತ್ತಿರ ಹೋದೆ. ಮೊದಲು 1,800 ರೂಪಾಯಿ, ಭಸ್ಮ ಬೆರೆಸಬೇಕೆಂದು 6,500, ‘ಕೋರ್ಸ್ ಅರ್ಧಕ್ಕೆ ಬಿಡಬಾರದು’ ಎಂದು ಮತ್ತೆ 4,200. ಸಿಕ್ಕಿದ್ದು ಜಾಮ್ ಬಾಟಲಿಯ ತುಂಬ ಕಪ್ಪು ಲೇಹ್ಯ, ಮೂರು ದಿನ ಭೇದಿ. ಕೊನೆಗೆ ಆಸ್ಪತ್ರೆಯಲ್ಲಿ ನಿಮಿರುವಿಕೆಗೆ ನೆರವಾಗುವ ಸಿಲ್ಡೆನಾಫಿಲ್ ಗುಳಿಗೆ ಬರೆದುಕೊಟ್ಟರು. ಅಷ್ಟರಲ್ಲಿ ಇವಳು ಮೊಮ್ಮಗಳ ಕೋಣೆ ಸೇರಿದ್ದಳು.

ಮಲ್ಲೇಶ್ವರ, 59: ನೋಯುತ್ತದೆಯೇ ಎಂದು ನಿಮ್ಮಲ್ಲಿ ಒಬ್ಬರಾದರೂ ಹೆಂಡತಿಯನ್ನು ಕೇಳಿದ್ದೀರಾ? ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇಳಿದು ಒಳಗೆಲ್ಲ ಒಣಗಿ, ಮರಳುಕಾಗದ ತಿಕ್ಕಿದಂತಾಗುತ್ತಿತ್ತು. ನಾಲ್ಕು ವರ್ಷ ಹಲ್ಲು ಕಚ್ಚಿಕೊಂಡಿದ್ದೆ. ಮೊದಲ ವೈದ್ಯೆ 700 ರೂಪಾಯಿ ತೆಗೆದುಕೊಂಡು ‘ಈ ವಯಸ್ಸಿನಲ್ಲಿ ಇದೆಲ್ಲ ಏಕಮ್ಮ’ ಎಂದರು. ಎರಡನೆಯವರು ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಕೊಟ್ಟರು: ಎರಡು ವಾರ ಪ್ರತಿ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ಸೊಸೆಯ ಕಣ್ಣಿಗೆ ಬೀಳದಿರಲೆಂದು ಟ್ಯೂಬನ್ನು ರೇಷ್ಮೆ ಸೀರೆಯ ಮಡಿಕೆಯಲ್ಲಿ ಇಡುತ್ತಿದ್ದೆ. ಅದಕ್ಕೂ ನುಸಿಗುಳಿಗೆಯ ವಾಸನೆ.

ರಾಜಾಜಿನಗರ, 68: ಹಾರ್ಮೋನು ಎಂದರೆ ಕ್ಯಾನ್ಸರ್! ನಾವು ಹಳೆಯ ಜೋಡಿ ಮಂಚವನ್ನು 400 ರೂಪಾಯಿಗೆ ಗುಜರಿಗೆ ಹಾಕಿ ಎರಡು ಒಂಟಿ ಮಂಚ ತಂದೆವು, ತಲಾ 9,000. ಬೆಳಿಗ್ಗೆ ಲಾಲ್‌ಬಾಗ್, ಸಂಜೆ ಭಜನೆ. ನೆಮ್ಮದಿ.

ಮಲ್ಲೇಶ್ವರ: ನೆಮ್ಮದಿ ನಿಮ್ಮದು. ಅವರದೇನೆಂದು ಬರೆಯಲೇ ಇಲ್ಲವಲ್ಲ. ಹಚ್ಚುವ ಕ್ರೀಮ್ ರಕ್ತಕ್ಕೆ ಸೇರುವುದು ತೀರ ಕಡಿಮೆ. ಸ್ತನ ಕ್ಯಾನ್ಸರ್ ಬಂದು ಹೋದವರು ಮಾತ್ರ ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳದೆ ಮುಟ್ಟಬಾರದು.

ರಾಜಾಜಿನಗರ: ನನ್ನ ಮನೆಯ ವಿಷಯ ನಿಮಗೇಕೆ? ವಿಜಯನಗರದವರ ಗುಳಿಗೆಯಿಂದ ಹೃದಯ ನಿಲ್ಲುತ್ತದೆ, ಗೊತ್ತೇ?

ವಿಜಯನಗರ: ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರಿಗೆ ಸಿಲ್ಡೆನಾಫಿಲ್ ಕೂಡದು, ರಕ್ತದೊತ್ತಡ ಕುಸಿಯುತ್ತದೆ. ನನಗೆ ಇಸಿಜಿ ಮಾಡಿಸಿಯೇ ಕೊಟ್ಟದ್ದು. ಅದಿರಲಿ ಸ್ವಾಮಿ, ಜೋಡಿ ಮಂಚವನ್ನು 400ಕ್ಕೆ ಕೊಟ್ಟಿರಾ? ತೇಗದ್ದೇ?

ಬಸವನಗುಡಿ: ನಿನ್ನೆ ಕೇಳಿದೆ. ಅವಳು ಅರ್ಧ ಗಂಟೆ ಮಾತಿಲ್ಲದೆ ಅವರೆಕಾಳು ಹಿದುಕುತ್ತಿದ್ದಳು. ಆಮೇಲೆ ‘ಹೂಂ, ಉರಿಯುತ್ತದೆ’ ಎಂದಳು. ಮಲ್ಲೇಶ್ವರದವರೇ, ಆ ಎರಡನೆಯ ವೈದ್ಯರು ಸಂಜೆ ಸಿಗುತ್ತಾರೆಯೇ?

ರಾಜಾಜಿನಗರ: ತೇಗವಲ್ಲ, ಹೊನ್ನೆ. ಗೆದ್ದಲು ಹಿಡಿದಿತ್ತು.

ವಿಜಯನಗರ: ಹೊನ್ನೆಗೆ ಗೆದ್ದಲೇ? ಯಾರಿಗೆ ಹೇಳುತ್ತೀರಿ!