ಅಪ್‌ಡೇಟ್: ಥರ್ಮೋಸ್ಟಾಟ್‌ನಲ್ಲಿ ಮಿನುಗುತ್ತಿದ್ದ ಮಂಜಿನ ಗುರುತು

ಅಮೆರಿಕದ ಡಲ್ಲಾಸ್‌ನ ನಮ್ಮ ಮನೆಯ ಥರ್ಮೋಸ್ಟಾಟ್‌ನಲ್ಲಿ (ಎಸಿಯನ್ನು ನಿಯಂತ್ರಿಸುವ ಗೋಡೆಯ ಮೇಲಿನ ಸಾಧನ) ಮಂಜಿನ ಹರಳಿನ ಗುರುತು ಮಿನುಗುತ್ತಿದೆ, ತಣ್ಣನೆ ಗಾಳಿ ಬರುತ್ತಿಲ್ಲ ಅಂತ ಹೋದ ವಾರ ಕೇಳಿದ್ದೆ. ಈಗ ಸರಿಹೋಯಿತು!

ಬ್ಯಾಟರಿ ಬದಲಾಯಿಸಿದ್ದು, ಬ್ರೇಕರ್ ಆಫ್ ಮಾಡಿ ಹಾಕಿದ್ದು, ಎರಡೂ ಪ್ರಯೋಜನಕ್ಕೆ ಬರಲಿಲ್ಲ. "ಸುಮ್ನೆ 5 ನಿಮಿಷ ಮುಟ್ಟದೆ ಬಿಡಿ" ಅಂದವರಿಗೆ ತುಂಬಾ ಥ್ಯಾಂಕ್ಸ್. ನಮ್ಮದರಲ್ಲಿ ಗುರುತು ಮಿನುಗಿದರೆ, ಕಂಪ್ರೆಸರ್ (ಎಸಿಯ ಹೊರಗಿನ ಯೂನಿಟ್‌ನಲ್ಲಿರುವ ಮುಖ್ಯ ಯಂತ್ರ) ಹಾಳಾಗದಿರಲಿ ಅಂತ ಥರ್ಮೋಸ್ಟಾಟ್ ಅದನ್ನು ಶುರುಮಾಡದೆ ಕಾಯುತ್ತಿದೆ ಎಂದರ್ಥ. ನಾನು ಗಾಬರಿಯಲ್ಲಿ ಆಫ್-ಆನ್ ಮಾಡಿದಾಗಲೆಲ್ಲ ಆ 5 ನಿಮಿಷ ಮೊದಲಿಂದ ಶುರುವಾಗುತ್ತಿತ್ತು. ಕೈಕಟ್ಟಿ ನಿಂತೆ. ಮಿನುಗು ನಿಂತಿತು, ಹೊರಗಿನ ಯೂನಿಟ್ ಗುಂಯ್ ಅಂತ ಶುರುವಾಯಿತು.

ಇನ್ನೊಂದು ಗೊತ್ತಾಯಿತು. ಪರದೆಯಲ್ಲಿ 'ಹೋಲ್ಡ್' ಅಂತ ಇದ್ದರೆ ನಾವು ಹಾಕಿಟ್ಟ ಟೈಮ್‌ಟೇಬಲ್ ನಡೆಯುವುದಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗಲೂ ಎಸಿ 72 ಡಿಗ್ರಿ ಫ್ಯಾರನ್‌ಹೀಟ್‌ನಲ್ಲೇ (ಸುಮಾರು 22 ಡಿಗ್ರಿ ಸೆಲ್ಸಿಯಸ್) ಓಡುತ್ತಿತ್ತು! ನಿಮ್ಮದನ್ನೂ ಒಮ್ಮೆ ನೋಡಿಕೊಳ್ಳಿ.