ಕೇಸ್ 'ವಜಾ' ಆಯ್ತು ಅಂದರೆ ಏನಾಯ್ತು? ವಕೀಲರನ್ನು ಕೇಳಿ

ಅಡ್ಮಿನ್: ಈ ವಾರದ ಪ್ರಶ್ನೋತ್ತರ ಕೋರ್ಟಿನ ಪದಗಳ ಬಗ್ಗೆ. ನಮ್ಮ ಗುಂಪಿನ ವಕೀಲ ಮೇಡಂ ಸಿವಿಲ್ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುವವರು, ಕೆಲಸ ಮುಗಿಸಿ ಸಂಜೆ ಉತ್ತರ ಬರೆಯುತ್ತಾರೆ. ಹೋದ ವಾರ ಜಾಸ್ತಿ ಜನ ಕೇಳಿದ್ದು 'ವಜಾ ಮಾಡು' ಬಗ್ಗೆ. ಅದರಿಂದಲೇ ಶುರು ಮಾಡೋಣ.

ತುಮಕೂರು ಸದಸ್ಯ: ಮೇಡಂ, ಪೇಪರಿನಲ್ಲಿ ಅರ್ಜಿ ವಜಾ ಅಂತಾರೆ, ನೌಕರ ವಜಾ ಅಂತಾರೆ. ನಮ್ಮ ಅಂಗಡಿ ಬಾಡಿಗೆ ಕರಾರಿನಲ್ಲಿ 'ಬಾಡಿಗೆ ಬಾಕಿಯನ್ನು ಮುಂಗಡ ಹಣದಲ್ಲಿ ವಜಾ ಮಾಡಿಕೊಂಡು' ಅಂತ ಬರೆದಿದ್ದಾರೆ. ಎಲ್ಲಾ ಒಂದೇ ಪದವಾ?

ವಕೀಲರು: ಒಂದೇ ಪದ. ಹಳೆಯ ಅರ್ಥ ಉಳಿದಿರುವುದು ನಿಮ್ಮ ಬಾಡಿಗೆ ಕರಾರಿನಲ್ಲೇ. ಮೂಲ ಅರಬ್ಬಿ, ಅಲ್ಲಿ ಕೆಳಗೆ ಇಡುವುದು, ಇಳಿಸುವುದು ಅಂತ ಅರ್ಥ. ಪಾರ್ಸಿ (ಪರ್ಷಿಯನ್ ಭಾಷೆ) ಮತ್ತು ಉರ್ದು ಲೆಕ್ಕಪತ್ರದಲ್ಲಿ ಅದು ಮೊತ್ತದಿಂದ ಇಳಿಸುವುದು, ಅಂದರೆ ಕಳೆಯುವುದು ಆಯಿತು. ನಮ್ಮಲ್ಲಿ ಆದಿಲ್‌ಶಾಹಿ, ಮರಾಠರು, ಹೈದರ್ ಮತ್ತು ಟಿಪ್ಪು, ನಿಜಾಮರು ಎಲ್ಲರ ಕಾಲದಲ್ಲೂ ಕಂದಾಯದ ದಫ್ತರಕ್ಕೆ ಈ ಬಗೆಯ ಪದಗಳು ಬಂದವು. ಬ್ರಿಟಿಷರ ಕಾಲದ ಕೋರ್ಟುಗಳು ಅದೇ ಗುಮಾಸ್ತರ ಭಾಷೆಯನ್ನು ಮುಂದುವರಿಸಿದವು. ಕೇಸನ್ನು ಕೋರ್ಟಿನ ಲೆಕ್ಕದಿಂದ ತೆಗೆದರೆ ವಜಾ, ನೌಕರನನ್ನು ಕೆಲಸದಿಂದ ತೆಗೆದರೂ ವಜಾ. ಅರ್ಥ ಹೀಗೆ ಸರಿದು ಬಂದಿದೆ ಅಂತ ನನಗೆ ಕಾಣುತ್ತದೆ.

ಬೆಳಗಾವಿ ಸದಸ್ಯ: ಖರೆ. ಮರಾಠಿ ಶಾಲೆಯಲ್ಲಿ ಕಳೆಯುವ ಲೆಕ್ಕಕ್ಕೆ ಇವತ್ತೂ 'ವಜಾಬಾಕಿ' ಅಂತಾರೆ. ಐದು ವಜಾ ಎರಡು, ಉಳಿದದ್ದು ಮೂರು.

ಮೈಸೂರು ಸದಸ್ಯ: ಇದು ನೋಡಿ ಮೇಡಂ, ಬೇರೆ ಗುಂಪಿನಲ್ಲಿ ಬಂದದ್ದು: 'ವಜಾ ಎಂಬುದು ಸಂಸ್ಕೃತದ ವರ್ಜ ಶಬ್ದದ ಅಪಭ್ರಂಶ. ವರ್ಜಿಸು ಅಂದರೆ ಬಿಡು. ಎಲ್ಲರಿಗೂ ಹಂಚಿ.'

ವಕೀಲರು: ಹಂಚಬೇಡಿ. ತಪ್ಪು.

ಮೈಸೂರು ಸದಸ್ಯ: ತಪ್ಪು ಅಂದರೆ ಹೇಗೆ ಮೇಡಂ? ವರ್ಜ, ವಜಾ, ಎಷ್ಟು ಹತ್ತಿರ ಇದೆ, ಅರ್ಥವೂ ಕೂಡುತ್ತದೆ ಅಲ್ವಾ?

ಕಲಬುರಗಿ ಮೇಷ್ಟ್ರು: ನಾನು ಹೇಳ್ತೀನಿ. ಅರಬ್ಬಿಯಲ್ಲಿ 'ಜಾದ್' ಅಂತ ನಾವು ಕರೆಯುವ ಒಂದು ಅಕ್ಷರ ಇದೆ. ಅರಬ್ಬರ ಬಾಯಲ್ಲಿ ಅದು ದಪ್ಪ ದಕಾರ. ಪಾರ್ಸಿಯವರ ಬಾಯಲ್ಲಿ ಝ ಆಯಿತು, ಕನ್ನಡಕ್ಕೆ ಬಂದಾಗ ಜ ಆಯಿತು. ಕೋರ್ಟಿನ ಬಾಗಿಲಲ್ಲಿ ಕೇಳುವ ಪದ ತಗೊಳ್ಳಿ. ಅರ್ಜಿ, ಹಾಜರು, ಜಾಮೀನು, ಜಪ್ತಿ, ವಜಾ. ಐದರಲ್ಲೂ ಇರುವ ಜ ಅದೇ ಅಕ್ಷರ. ಜಿಲ್ಲೆ ಅನ್ನುವುದರಲ್ಲೂ ಅದೇ. ಇಷ್ಟು ಪದ ಒಟ್ಟಿಗೆ ಒಂದೇ ದಾರಿಯಲ್ಲಿ ಬಂದಿರುವಾಗ ವಜಾ ಒಂದನ್ನು ಮಾತ್ರ ಎಳೆದು ವರ್ಜಕ್ಕೆ ಕಟ್ಟುವುದು ಯಾಕೆ?

ಮೈಸೂರು ಸದಸ್ಯ: ಎಲ್ಲಾ ಅರಬ್ಬಿ ಅಂತ ಹೇಳಿ ಹೆಮ್ಮೆಪಡಿ.

ಅಡ್ಮಿನ್: ಪ್ರಶ್ನೆಗೆ ಬನ್ನಿ ದಯವಿಟ್ಟು.

ಹಾವೇರಿ ಸದಸ್ಯೆ: ನಮಸ್ಕಾರ ಮೇಡಂ. ನಮ್ಮ ಅವ್ವನ ಪಾಲಿನ ದಾವೆ ಇತ್ತು, ಅಜ್ಜನ ಹೊಲದ್ದು. ಮಾವಂದಿರ ಮೇಲೆ. ಜೂನ್ 18ಕ್ಕೆ ಕೋರ್ಟಿನ ಆ್ಯಪ್‌ನಲ್ಲಿ 'ಗೈರುಹಾಜರಿಗಾಗಿ ವಜಾ' ಅಂತ ಬಂದಿದೆ. ನಮಗೆ ಗೊತ್ತಾಗಿದ್ದು ನಿನ್ನೆ, ಅಂದರೆ ಜುಲೈ 3ಕ್ಕೆ. ನಮ್ಮ ವಕೀಲರು ಏಪ್ರಿಲ್‌ನಲ್ಲಿ ತೀರಿಕೊಂಡಿದ್ದರು, ನಮಗೆ ಯಾರೂ ತಿಳಿಸಲಿಲ್ಲ. ಮಾವ ಫೋನ್ ಮಾಡಿ 'ವಜಾ ಆಯ್ತು, ನಿಮ್ಮ ಹಕ್ಕು ಮುಗೀತು, ಇನ್ನು ಹೊಲದ ಕಡೆ ಬರಬೇಡಿ' ಅಂದರು. ಅವ್ವ ಊಟ ಬಿಟ್ಟಿದ್ದಾಳೆ. ನಿಜಕ್ಕೂ ಮುಗೀತಾ?

ದಾವಣಗೆರೆ ಸದಸ್ಯ: ಅಕ್ಕ ಚಿಂತೆ ಬೇಡ. ವಜಾ ಆದರೆ ಹೊಸ ಕೇಸ್ ಹಾಕಬಹುದು, ಅವಸರ ಇಲ್ಲ. ನನಗೆ ಒಂದು ಫಾರ್ವರ್ಡ್ ಬಂದಿತ್ತು, 100 ರೂಪಾಯಿ ಸ್ಟಾಂಪ್ ಪೇಪರ್ ಮೇಲೆ ಅಫಿಡವಿಟ್ ಮಾಡಿ ಜಡ್ಜ್ ಹೆಸರಿಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿದರೆ ಕೇಸ್ ತಾನೇ ಮತ್ತೆ ಓಪನ್ ಆಗುತ್ತೆ. ಕಳಿಸಲಾ?

ವಕೀಲರು: ಕಳಿಸಬೇಡಿ, ಯಾರಿಗೂ. ಜಡ್ಜ್‌ಗೆ ಪೋಸ್ಟ್ ಮಾಡಿದ ಕಾಗದಕ್ಕೆ ಯಾವ ಕೇಸೂ ಓಪನ್ ಆಗುವುದಿಲ್ಲ. 'ಅವಸರ ಇಲ್ಲ' ಅಂತ ನೀವು ಬರೆದದ್ದನ್ನು ನಂಬಿದರೆ ಈ ಅಮ್ಮ ಹೊಲ ಕಳೆದುಕೊಳ್ಳಬಹುದು.

ಹಾವೇರಿಯ ತಂಗಿ, ಪೂರ್ತಿ ಓದಿ, ಅವ್ವನಿಗೂ ಓದಿ ಹೇಳಿ. ಹಕ್ಕು ಮುಗಿದಿಲ್ಲ. ನ್ಯಾಯಾಧೀಶರು ಸಾಕ್ಷಿ ಕೇಳಿ, ದಾಖಲೆ ನೋಡಿ 'ನಿಮಗೆ ಪಾಲಿಲ್ಲ' ಅಂತ ತೀರ್ಪು ಕೊಟ್ಟರೆ ಅದೂ ವಜಾ. ಯಾರೂ ಬರಲಿಲ್ಲ ಅಂತ ಮುಚ್ಚಿದರೂ ವಜಾ. ಪದ ಒಂದೇ, ಪರಿಣಾಮ ಬೇರೆ. ಮೊದಲನೆಯದಕ್ಕೆ ಮೇಲ್ಮನವಿ ಹೋಗಬೇಕು. ನಿಮ್ಮದು ಎರಡನೆಯದು. ಕಾನೂನಿನ ಪ್ರಕಾರ ಅದು ಡಿಕ್ರಿಯೇ ಅಲ್ಲ, ಅಂದರೆ ಹಕ್ಕನ್ನು ತೀರ್ಮಾನಿಸಿದ ಆದೇಶ ಅಲ್ಲ. ನಿಮ್ಮ ಹೊಲದ ಬಗ್ಗೆ ಯಾರೂ ಏನನ್ನೂ ತೀರ್ಮಾನಿಸಿಲ್ಲ.

ಆದರೆ ಇದಕ್ಕೆ ವಾಯಿದೆ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶದ ಪ್ರಕಾರ ಅದೇ ಕೋರ್ಟಿಗೆ ದಾವೆಯನ್ನು ಮತ್ತೆ ಕಡತಕ್ಕೆ ತಗೊಳ್ಳಿ ಅಂತ ಅರ್ಜಿ (ಮರುಸ್ಥಾಪನೆ ಅರ್ಜಿ) ಕೊಡಬೇಕು, ಕಾಲಮಿತಿ ಕಾಯ್ದೆ ಪ್ರಕಾರ ವಜಾ ಆದ ದಿನದಿಂದ 30 ದಿನದೊಳಗೆ. ನಿಮ್ಮ ಲೆಕ್ಕದಲ್ಲಿ ಜುಲೈ 18 ಕೊನೆ. ನಿಮಗೆ ಗೊತ್ತಾದ ದಿನದಿಂದ ಎಣಿಸಬೇಡಿ. ನಕಲು ಸಿಗಲಿಲ್ಲ ಅಂತ ಕಾಯಬೇಡಿ, ನಕಲಿಗೆ ಹಿಡಿದ ದಿನಗಳನ್ನು ಮೇಲ್ಮನವಿಗೆ ಬಿಟ್ಟುಕೊಡುತ್ತಾರೆ, ಈ ಅರ್ಜಿಗೆ ಇಲ್ಲ. ದಿನ ಮೀರಿದರೆ ವಿಳಂಬ ಮನ್ನಾಕ್ಕೆ ಬೇರೆ ಅರ್ಜಿ ಹಾಕಬಹುದು, ಆದರೆ ಅಲ್ಲಿ ಒಂದೊಂದು ದಿನಕ್ಕೂ ಕಾರಣ ಕೊಡಬೇಕಾಗುತ್ತದೆ. ಆ ಸ್ಥಿತಿಗೆ ಹೋಗುವುದು ಯಾಕೆ?

ಇನ್ನೊಂದು ಬಹಳ ಮುಖ್ಯ. ಆವತ್ತಿನ ಆರ್ಡರ್ ಶೀಟ್ ನೋಡಿ, ಅಂದರೆ ಆ ದಿನ ಕೋರ್ಟಿನಲ್ಲಿ ಏನಾಯ್ತು ಅಂತ ಬರೆದಿಡುವ ಹಾಳೆ. ಎರಡೂ ಕಡೆಯವರು ಗೈರಾಗಿ ವಜಾ ಆಗಿದ್ದರೆ ಅದೇ 9ನೇ ಆದೇಶದ 3ನೇ ನಿಯಮ, ಆಗ ಹೊಸ ದಾವೆಗೂ ದಾರಿ ಇರುತ್ತದೆ. ನೀವು ಮಾತ್ರ ಗೈರು, ಮಾವಂದಿರ ಕಡೆಯವರು ಹಾಜರು ಅಂತಿದ್ದರೆ 8ನೇ ನಿಯಮ. ಆಗ ಅದೇ ವ್ಯಾಜ್ಯ ಕಾರಣಕ್ಕೆ ಹೊಸ ದಾವೆ ಹಾಕುವುದಕ್ಕೆ 9ನೇ ನಿಯಮ ತಡೆ ಹಾಕುತ್ತದೆ. ಪಾಲಿನ ದಾವೆಗಳಲ್ಲಿ ಆಸ್ತಿ ಒಟ್ಟಿಗೆ ಇರುವವರೆಗೂ ಕೇಳುವ ಹಕ್ಕು ಮತ್ತೆ ಮತ್ತೆ ಹುಟ್ಟುತ್ತದೆ ಅಂತ ಕೋರ್ಟುಗಳು ಹೇಳಿದ್ದಿದೆ, ಆದರೆ ಕೈಯಲ್ಲಿ 14 ದಿನ ಇರುವಾಗ ಆ ವಾದವನ್ನು ನಂಬಿ ಕೂರಬೇಡಿ.

ಕಾರಣ ನಿಮ್ಮ ಹತ್ತಿರ ಗಟ್ಟಿಯಾಗಿದೆ. ವಕೀಲರು ತೀರಿಕೊಂಡರೆ ಅವರ ವಕಾಲತ್ತೂ ಅಲ್ಲಿಗೆ ಮುಗಿಯುತ್ತದೆ. ಮರಣ ಪ್ರಮಾಣಪತ್ರ ಅಥವಾ ಅಲ್ಲಿನ ವಕೀಲರ ಸಂಘದ ಪತ್ರ ತಗೊಳ್ಳಿ, ಅವ್ವನ ಅಫಿಡವಿಟ್ ಜೊತೆ ಇಡಿ. ದುಡ್ಡಿನ ತೊಂದರೆ ಇದ್ದರೆ ಕೋರ್ಟ್ ಆವರಣದಲ್ಲೇ ಇರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗಬೇಕು. ಸಹಾಯವಾಣಿ 15100. ಹೊಲ ಮಾರದಂತೆ ತಡೆಯಾಜ್ಞೆ ಇತ್ತಾ? ಇದ್ದರೆ ದಾವೆ ಜೊತೆ ಅದೂ ಬಿದ್ದಿದೆ. ಅದಕ್ಕೇ ನನಗೆ ಭಯ, ಮಾವ ಇಷ್ಟು ಬೇಗ ಫೋನ್ ಮಾಡಿದ್ದು ನೋಡಿದರೆ.

ಹಾಸನ ಸದಸ್ಯ: ಮೇಡಂ ವಜಾ ಅನ್ನುವ ಪದ ಎಲ್ಲಿಂದ ಬಂತು?

ವಕೀಲರು: ಮೇಲೆ ಇದೆ.

ಶಿರಸಿ ಸದಸ್ಯ: ನನ್ನ ಮೇಲಿದ್ದ ಚೆಕ್ ಬೌನ್ಸ್ ಕೇಸ್, ದೂರುದಾರ ಬರದೆ ವಜಾ ಆಗಿದೆ. ಅಂದರೆ ಖುಲಾಸೆ ಅಲ್ವಾ?

ವಕೀಲರು: ಸಮನ್ಸ್ ಆದಮೇಲೆ ದೂರುದಾರ ಬರದಿದ್ದರೆ ಆರೋಪಿಯನ್ನು ಖುಲಾಸೆ ಮಾಡುವ ಅಧಿಕಾರ ಮ್ಯಾಜಿಸ್ಟ್ರೇಟ್‌ಗಿದೆ. ಹಳೆ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 256ನೇ ಕಲಂ, ಜುಲೈ 2024ರಿಂದ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 279. ಆದೇಶದಲ್ಲಿ ಯಾವ ಪದ ಇದೆ ನೋಡಿ. ಬಾಯಿಮಾತಿನ ವಜಾ ನಂಬಬೇಡಿ.

ಕಲಬುರಗಿ ಮೇಷ್ಟ್ರು: ಖುಲಾಸೆಯೂ ಅರಬ್ಬಿಯೇ. ನಮ್ಮ ಕಡೆ ಉರ್ದುವಿನಲ್ಲಿ ಅದು ಸಾರಾಂಶ. ಕನ್ನಡದಲ್ಲಿ ಮಾತ್ರ ಬಿಡುಗಡೆ. ಖಲಾಸ್ ಅನ್ನುವುದೂ ಅದೇ ಬೇರು.

ಮೈಸೂರು ಸದಸ್ಯ: ಮತ್ತೆ ಶುರುವಾಯ್ತು ಉರ್ದು ಪಾಠ. ಕನ್ನಡದ ಕೋರ್ಟಿಗೆ ಕನ್ನಡ ಪದ ಇಲ್ವಾ? 'ತಳ್ಳಿಹಾಕು' ಅಂತ ಬರೆದರೆ ಏನು ನಷ್ಟ?

ಬೆಳಗಾವಿ ಸದಸ್ಯ: ನನ್ನ ಅಜ್ಜನಿಗೆ ಓದು ಬರಹ ಇರಲಿಲ್ಲ, ವಜಾ, ಜಪ್ತಿ, ತಕರಾರು ಎಲ್ಲಾ ಗೊತ್ತಿತ್ತು. ಅದು ಅವರ ಕನ್ನಡ. ನಿಮ್ಮದು ಮಾತ್ರ ಕನ್ನಡವಾ?

ಮೈಸೂರು ಸದಸ್ಯ: ಗಡಿಯಲ್ಲಿ ಕೂತು ನಮಗೆ ಕನ್ನಡ ಹೇಳಿಕೊಡಬೇಡಿ.

ಬೆಳಗಾವಿ ಸದಸ್ಯ: ಗಡಿಯಲ್ಲಿ ಕೂತು ಕನ್ನಡ ಉಳಿಸಿದವರು ನಾವು. ಮಾತು ನೋಡಿ ಆಡಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇನ್ನೊಂದು ಮೆಸೇಜ್ ಬಂದರೆ ತೆಗೆಯುತ್ತೇನೆ.

ವಕೀಲರು: ಭಾಷೆ ಬಗ್ಗೆ ನನ್ನ ಮಾತು ಒಂದೇ. 'ತಳ್ಳಿಹಾಕು' ಬರೆಯಿರಿ, 'ವಜಾ' ಬರೆಯಿರಿ, ಯಾಕೆ ಅಂತ ಕನ್ನಡದಲ್ಲಿ ಕಕ್ಷಿದಾರನಿಗೆ ಹೇಳಿ. ತಾಲ್ಲೂಕು ಕೋರ್ಟಿನಲ್ಲಿ 'ವಜಾ' ಅಂತ ಕೂಗಿದ ಮೇಲೆ ಏನಾಯ್ತು ಅಂತ ಗೊತ್ತಿಲ್ಲದೆ ಮೆಟ್ಟಿಲ ಮೇಲೆ ನಿಂತವರನ್ನು ದಿನಾ ನೋಡುತ್ತೇನೆ. ನೀವಿಬ್ಬರೂ ಜಗಳ ಆಡುತ್ತಿರುವುದು ಅವರಿಗಾಗಿ ಅಲ್ಲ.

ರಾಯಚೂರು ಸದಸ್ಯ: ಮೇಡಂ ಅಮಾನತು ಅನ್ನುವುದು ಬ್ಯಾಂಕಿನಲ್ಲೂ ಇದೆ, ಸಸ್ಪೆಂಡಿಗೂ ಇದೆ. ಅದು ಹೇಗೆ?

ಕೋಲಾರ ಸದಸ್ಯ: ನಮ್ಮ ಅಣ್ಣನನ್ನು ಸರ್ಕಾರಿ ಕೆಲಸದಿಂದ ವಜಾ ಮಾಡಿದ್ದಾರೆ. ಬೇರೆ ಇಲಾಖೆ ಪರೀಕ್ಷೆ ಬರೆಯಬಹುದಾ?

ವಕೀಲರು: ಕೋಲಾರದವರಿಗೆ: ಆದೇಶದಲ್ಲಿ 'ವಜಾ' ಇದೆಯೋ 'ಸೇವೆಯಿಂದ ತೆಗೆದುಹಾಕಲಾಗಿದೆ' ಇದೆಯೋ ನೋಡಿ. ರಾಜ್ಯದ 1957ರ ಶಿಸ್ತು ನಿಯಮಗಳಲ್ಲಿ ಇವು ಎರಡು ಬೇರೆ ಶಿಕ್ಷೆ. ತೆಗೆದುಹಾಕಿದರೆ ಮುಂದಿನ ಸರ್ಕಾರಿ ಕೆಲಸಕ್ಕೆ ಅನರ್ಹತೆ ಇಲ್ಲ, ವಜಾ ಆದರೆ ಸಾಮಾನ್ಯವಾಗಿ ಅನರ್ಹತೆ.

ದಾವಣಗೆರೆ ಸದಸ್ಯ: ಮೇಡಂ ಇನ್ನೊಂದು ಫಾರ್ವರ್ಡ್, 'ವಜಾ ಆದ ಕೇಸಿಗೆ ಮೂರು ವರ್ಷ ಟೈಮ್ ಇರುತ್ತೆ'...

ವಕೀಲರು: ನೀವು ದಯವಿಟ್ಟು ಸುಮ್ನೆ ಇರಿ. 30 ದಿನ ಅಂತ ಬರೆದು ಒಂದು ಗಂಟೆಯೂ ಆಗಿಲ್ಲ.

ದಾವಣಗೆರೆ ಸದಸ್ಯ: ಒಳ್ಳೆಯದಕ್ಕೆ ಹಾಕಿದ್ದು. ಇಷ್ಟು ಸಿಟ್ಟು ಯಾಕೆ?

ಹಾಸನ ಸದಸ್ಯ: ವಜಾ ಮೂಲ ಸಂಸ್ಕೃತ ಅಂತೆ ಹೌದಾ ಮೇಡಂ?

ಕಲಬುರಗಿ ಮೇಷ್ಟ್ರು: ಮೇಲೆ ಓದುವ ಅಭ್ಯಾಸ ಯಾರಿಗೂ ಇಲ್ಲ ಇಲ್ಲಿ.

ಹಾವೇರಿ ಸದಸ್ಯೆ: ಮೇಡಂ, ಪರಿಚಯದವರು ಆರ್ಡರ್ ಶೀಟ್ ನೋಡಿಕೊಂಡು ಬಂದರು. 'ವಾದಿ ಗೈರು, 1 ಮತ್ತು 2ನೇ ಪ್ರತಿವಾದಿ ಪರ ವಕೀಲರು ಹಾಜರು' ಅಂತ ಇದೆ. ತಡೆಯಾಜ್ಞೆ ಇತ್ತು.

ವಕೀಲರು: ಹಾಗಾದರೆ 8ನೇ ನಿಯಮವೇ. ಹೊಸ ದಾವೆ ವಿಚಾರ ಬಿಡಿ, ಮರುಸ್ಥಾಪನೆ ಅರ್ಜಿ ಒಂದೇ ದಾರಿ ಅಂತ ನಡೆಯಿರಿ. ಸೋಮವಾರ ಬೆಳಿಗ್ಗೆ ಅವ್ವನನ್ನು ಕರೆದುಕೊಂಡು ಪ್ರಾಧಿಕಾರದ ಕಚೇರಿಗೆ ಹೋಗಿ. ಆಧಾರ್, ಹಳೆಯ ದಾವೆ ನಂಬರ್, ಪಹಣಿ, ಮರಣ ಪ್ರಮಾಣಪತ್ರ ಇಟ್ಟುಕೊಳ್ಳಿ. ಅರ್ಜಿ ಬೇಗ ಕೇಳಿಸಿಕೊಳ್ಳಿ ಅಂತ, ಹೊಲ ಪರಭಾರೆ ಮಾಡದಂತೆ ಮತ್ತೆ ತಡೆ ಕೊಡಿ ಅಂತ ಜೊತೆಯಲ್ಲೇ ಕೇಳಲು ನಿಮ್ಮ ಹೊಸ ವಕೀಲರಿಗೆ ಹೇಳಿ. ಈ ಅರ್ಜಿಯನ್ನೂ ಕೋರ್ಟ್ ಒಪ್ಪದಿದ್ದರೆ ಆಗ ಮೇಲ್ಮನವಿ ಇದೆ, ಅದೇ ಸಿವಿಲ್ ಸಂಹಿತೆಯ 43ನೇ ಆದೇಶದಲ್ಲಿ. ಮಾವ ಮತ್ತೆ ಫೋನ್ ಮಾಡಿದರೆ ಜಗಳ ಬೇಡ, ಯಾವ ಕಾಗದಕ್ಕೂ ಸಹಿ ಬೇಡ. ಅವ್ವನಿಗೆ ಊಟ ಮಾಡಿಸಿ.