ಮೈನಸ್ 18ರಲ್ಲಿ ತೆಗೆದ ರೈಲು ಫೋಟೋಗಳೆಲ್ಲ ಮಸುಕು, ಲೆನ್ಸ್ ಹಾಳಾಗಿದೆಯಾ?

ಹಳಿಹುಚ್ಚ, ಅರೋರಾ
ನಮಸ್ಕಾರ. ಶನಿವಾರ ರೊಷೆಲ್‌ಗೆ ಹೋಗಿದ್ದೆ. ಗೊತ್ತಿಲ್ಲದವರಿಗೆ: ಶಿಕಾಗೊದಿಂದ ಪಶ್ಚಿಮಕ್ಕೆ ಸುಮಾರು 80 ಮೈಲಿ. ಬಿಎನ್‌ಎಸ್‌ಎಫ್ ಮತ್ತು ಯೂನಿಯನ್ ಪೆಸಿಫಿಕ್ ಅನ್ನೋ ಎರಡು ದೊಡ್ಡ ಗೂಡ್ಸ್ ರೈಲು ಕಂಪನಿಗಳ ಲೈನುಗಳು ಅಲ್ಲಿ ಒಂದನ್ನೊಂದು ಅಡ್ಡ ದಾಟುತ್ತವೆ. ರೈಲು ನೋಡುವವರಿಗೆಂದೇ ಪಾರ್ಕ್ ಇದೆ. ಮೈನಸ್ 18 ಡಿಗ್ರಿ ಸೆಲ್ಸಿಯಸ್, ಒಳ್ಳೆ ಬಿಸಿಲು. ಮಿರರ್‌ಲೆಸ್ ಕ್ಯಾಮೆರಾ, 100-400 ಎಂಎಂ ಝೂಮ್ ಲೆನ್ಸ್, 1/1000 ಸೆಕೆಂಡ್, ಎಫ್ 8, ಐಎಸ್‌ಒ 400. ಇಷ್ಟಿದ್ದೂ ಒಂದೇ ಒಂದು ಫೋಟೋ ಶಾರ್ಪ್ ಇಲ್ಲ. ಎಂಜಿನ್ ನಂಬರ್ ಓದಲು ಆಗುತ್ತಿಲ್ಲ. ಮನೆಯಲ್ಲಿ ಗೋಡೆ ಕ್ಯಾಲೆಂಡರ್ ತೆಗೆದರೆ ತಿಥಿ, ನಕ್ಷತ್ರ ಕೂಡ ಸ್ಪಷ್ಟವಾಗಿ ಕಾಣುತ್ತೆ! ಅಂಗಡಿಯವರು ಲೆನ್ಸ್ ಸರ್ವಿಸ್‌ಗೆ ಕೊಡಿ ಅನ್ನುತ್ತಿದ್ದಾರೆ. ಕೊಡಲಾ? ಬ್ಯಾಟರಿ ಬೇರೆ 60 ಪರ್ಸೆಂಟ್ ಇದ್ದದ್ದು ದಿಢೀರ್ ಅಂತ ಆಫ್ ಆಯಿತು.

ಗೂಡ್ಸ್‌ಗಾಡಿ
ಸದ್ಯಕ್ಕೆ ಕೊಡಬೇಡಿ. ಎಲ್ಲಿ ನಿಂತು ತೆಗೆದಿರಿ? ಮತ್ತೆ, ಒಂದು ಫೋಟೋ ಪೂರ್ತಿ ಝೂಮ್ ಮಾಡಿ ಹಳಿ ನೋಡಿ. ಗೆರೆ ನೇರ ಇದೆಯಾ, ಅಲೆಅಲೆಯಾಗಿದೆಯಾ?

ಹಳಿಹುಚ್ಚ
ನಿಂತಿರಲಿಲ್ಲ ಸರ್, ಕಾರಿನಲ್ಲೇ ಕೂತು ಕಿಟಕಿ ಇಳಿಸಿ ತೆಗೆದೆ. ಹೀಟರ್ ಫುಲ್ ಇತ್ತು. ಹೊರಗೆ ಸ್ವಲ್ಪ ಹೊತ್ತು ನಿಂತರೂ ಬೆರಳು ಮರಗಟ್ಟುತ್ತೆ. ಹಳಿ ನೋಡಿದೆ, ಹೌದು, ಅಲೆಅಲೆ. ಸಿಗ್ನಲ್ ಕಂಬದ ಅಂಚು ಒಂದು ಫೋಟೋದಲ್ಲಿ ಎರಡೆರಡು ಕಾಣುತ್ತೆ, ಮುಂದಿನದರಲ್ಲಿ ಪರವಾಗಿಲ್ಲ.

ಗೂಡ್ಸ್‌ಗಾಡಿ
ಹಾಗಿದ್ರೆ ಲೆನ್ಸ್‌ದೇನೂ ತಪ್ಪಿಲ್ಲ, ಹೀಟರ್‌ದು. ಕಿಟಕಿಯಿಂದ ಬಿಸಿ ಗಾಳಿ ಹೊರಗೆ ನುಗ್ಗಿ, ಲೆನ್ಸ್ ಮುಂದೆಯೇ ತಣ್ಣನೆ ಗಾಳಿ ಜೊತೆ ಕಲೆಯುತ್ತೆ. ಬಿಸಿ ಗಾಳಿ ತೆಳು, ತಣ್ಣನೆಯದು ದಟ್ಟ. ಹಾಗಾಗಿ ಬೆಳಕು ಕ್ಷಣಕ್ಕೊಂದು ಕಡೆ ಬಾಗುತ್ತೆ. ಬೇಸಿಗೆಯಲ್ಲಿ ಟಾರ್ ರಸ್ತೆ ಮೇಲೆ ಕಾಣೋದೂ ಇದೇ. ಶಟರ್ 1/4000 ಮಾಡಿದರೂ ಹೋಗಲ್ಲ. ಅದು ರೈಲಿನ ಓಟಕ್ಕೆ ಮದ್ದು, ಗಾಳಿಗಲ್ಲ. 400 ಎಂಎಂನಲ್ಲಂತೂ ಜಾಸ್ತಿ ಎದ್ದು ಕಾಣುತ್ತೆ.

ಅನುಮಾನ ಇದ್ದರೆ ಕಾರಿಂದ ಇಳಿಯುವ ಮೊದಲೊಮ್ಮೆ, ದೂರ ನಿಂತು ಇನ್ನೊಮ್ಮೆ, ಅದೇ ಕಂಬವನ್ನು ಮ್ಯಾನ್ಯುವಲ್ ಫೋಕಸ್‌ನಲ್ಲಿ ಸಾಲಾಗಿ ಹತ್ತು ಸಲ ಹೊಡೆಯಿರಿ. ಮಸುಕು ಫೋಟೋದಿಂದ ಫೋಟೋಗೆ ಬದಲಾದರೆ ಅದು ಗಾಳಿ. ಎಲ್ಲದರಲ್ಲೂ ಅದೇ ಬದಿ, ಅದೇ ಥರ ಮಸುಕಾಗಿದ್ದರೆ ಆಗ ಲೆನ್ಸ್ ಬಗ್ಗೆ ಯೋಚನೆ ಮಾಡಿ.

ಮುಂದಿನ ಸಲ ಕ್ಯಾಮೆರಾ ಬ್ಯಾಗ್ ಡಿಕ್ಕಿಯಲ್ಲಿಡಿ, ದಾರಿಯಲ್ಲೇ ತಣ್ಣಗಾಗಲಿ. ಬೆಚ್ಚಗಿನ ಲೆನ್ಸ್ ಹೊರಗೆ ತೆಗೆದರೆ ಹುಡ್ (ಲೆನ್ಸ್ ಮುಂದೆ ಹಾಕುವ ನೆರಳಿನ ಕೊಳವೆ) ಒಳಗೂ ಬಿಸಿ ಗಾಳಿ ಸಿಕ್ಕಿಕೊಂಡಿರುತ್ತೆ, ಅರ್ಧ ಗಂಟೆ ಹುಡ್ ತೆಗೆದಿಡಿ. ಎಂಜಿನ್ ಬಿಸಿ ಇರುವ ಬಾನೆಟ್ ಮೇಲಿಂದ ತೆಗೆದರೂ ಇದೇ ಕಥೆ. ಬಿಸಿಲಿನ ದಿನ ಹಿಮ ಕರಗಿದ ಕಪ್ಪು ಜಲ್ಲಿಯಿಂದಲೂ ಅಲೆ ಏಳುತ್ತೆ. ಅದಕ್ಕೇ ಮೈಲಿ ದೂರದ ರೈಲಿಗೆ ಆಸೆ ಪಡಬೇಡಿ. ಹತ್ತಿರ ಬರಲಿ, 150 ಎಂಎಂನಲ್ಲಿ ತೆಗೆಯಿರಿ.

ಸ್ನೋಬೂಟು, ಮಿನಿಯಾಪೊಲಿಸ್
ಬ್ಯಾಟರಿ ಎಸೆದುಬಿಡಬೇಡಿ ಮಾರಾಯ್ರೇ. ಚಳಿಗೆ ಲಿಥಿಯಂ ಬ್ಯಾಟರಿ ಒಳಗಿನ ಕೆಲಸ ನಿಧಾನ ಆಗುತ್ತೆ, ವೋಲ್ಟೇಜ್ ಇಳಿಯುತ್ತೆ, ಕ್ಯಾಮೆರಾ ಖಾಲಿ ಅಂದುಕೊಳ್ಳುತ್ತೆ. ಒಳಗಿನ ಜೇಬಿಗೆ ಹಾಕಿ, ಬೆಚ್ಚಗಾದ ಮೇಲೆ ಮತ್ತೆ ಓಡುತ್ತೆ. ಎರಡು ಇಟ್ಟುಕೊಂಡು ಅದಲುಬದಲು ಮಾಡಿ. ಸುಮಾರು ಕ್ಯಾಮೆರಾಗಳ ಮ್ಯಾನ್ಯುವಲ್‌ನಲ್ಲಿ 0ರಿಂದ 40 ಡಿಗ್ರಿ ಅಂತಲೇ ಬರೆದಿರುತ್ತೆ. ಮೈನಸ್ 18ರಲ್ಲಿ ಓಡಿದ್ದೇ ಪುಣ್ಯ.

ಡಿಕ್ಕಿಯಿಂದ ಮನೆಯೊಳಗೆ ಒಯ್ಯುವಾಗ ಹುಷಾರು. ಹೊರಗಿದ್ದಾಗಲೇ ಜಿಪ್ ಕವರಿಗೆ ಹಾಕಿ ಬಿಗಿಯಾಗಿ ಮುಚ್ಚಿ. ಇಲ್ಲದಿದ್ರೆ ಮನೆಯ ತೇವವೆಲ್ಲ ತಣ್ಣನೆ ಗಾಜಿನ ಮೇಲೆ ನೀರಾಗಿ ಕೂರುತ್ತೆ. ಮೆಮೊರಿ ಕಾರ್ಡ್ ಮೊದಲೇ ತೆಗೆದುಕೊಳ್ಳಿ, ಫೋಟೋ ನೋಡೋ ಆತುರಕ್ಕೆ ಕವರ್ ಬಿಚ್ಚಿಬಿಡ್ತೀರಿ. ಅನ್ನ ಕುದಿಯೋ ಅಡುಗೆಮನೆ ಕಡೆಗಂತೂ ಒಯ್ಯಲೇಬೇಡಿ.

ಹಳಿಹುಚ್ಚ
ಕೆಲಸ ಆಯ್ತು! ಕಾರಿಂದ ದೂರ ನಿಂತು ತೆಗೆದೆ. ಕಿತ್ತಳೆ ಎಂಜಿನ್ನಿನ ಮೆಟ್ಟಿಲಿಗೆ ಅಂಟಿದ ಐಸ್ ಕೂಡ ಬಿಡಿಬಿಡಿಯಾಗಿ ಬಂದಿದೆ. ಆದರೆ ಹಿಮ ಎಲ್ಲ ಬೂದು ಬಣ್ಣ, ಯಾಕೆ? ಇನ್ನೊಂದು, ಶಿಕಾಗೊದಲ್ಲಿ ಹಳಿಗೆ ಬೆಂಕಿ ಹಚ್ಚುತ್ತಾರಲ್ಲ, ಅದನ್ನು ತೆಗೆಯೋದು ಹೇಗೆ?

ಸ್ನೋಬೂಟು
ಕ್ಯಾಮೆರಾದ ಬೆಳಕು ಅಳೆಯೋ ಮೀಟರ್ ಕಣ್ಣಿಗೆ ಬಿಳಿ ಅನ್ನೋದೇ ಇಲ್ಲ, ಎಲ್ಲವನ್ನೂ ಬೂದು ಮಾಡುತ್ತೆ. ಎಕ್ಸ್‌ಪೋಶರ್ ಒಂದರಿಂದ ಒಂದೂವರೆ ಸ್ಟಾಪ್ ಜಾಸ್ತಿ ಕೊಡಿ (ಒಂದು ಸ್ಟಾಪ್ ಅಂದ್ರೆ ಎರಡರಷ್ಟು ಬೆಳಕು). ರೈಲು ಎದುರಿಗೆ ಬಂದರೆ ಹೆಡ್‌ಲೈಟ್ ನೋಡಿ ಮತ್ತೆ ಕತ್ತಲೆ ಮಾಡುತ್ತೆ. ಹಾಗಾಗಿ ರೈಲು ಬರೋ ಮುಂಚೆಯೇ ಎಕ್ಸ್‌ಪೋಶರ್ ಮ್ಯಾನ್ಯುವಲ್‌ನಲ್ಲಿ ಲಾಕ್ ಮಾಡಿಡಿ. ಹಿಮ ಬೀಳುತ್ತಿದ್ದರೆ ಫೋಕಸ್ ಕೂಡ, ಇಲ್ಲದಿದ್ರೆ ಅದು ಉದುರೋ ಹಿಮವನ್ನೇ ಹಿಡಿದುಕೊಳ್ಳುತ್ತೆ.

ಗೂಡ್ಸ್‌ಗಾಡಿ
ಹಳಿ ಉರಿಯಲ್ಲ, ಪಕ್ಕದಲ್ಲಿ ಹಾಕಿರುವ ಗ್ಯಾಸ್ ಬರ್ನರ್ ಉರಿಯುತ್ತೆ. ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗುವ ಸ್ವಿಚ್‌ನಲ್ಲಿ ಎರಡು ಹಳಿ ಬಂದು ಕೂಡಿಕೊಳ್ಳಬೇಕು. ನಡುವೆ ಐಸ್ ಸಿಕ್ಕಿಕೊಂಡರೆ ಪೂರ್ತಿ ಕೂಡಲ್ಲ, ಸಿಗ್ನಲ್ ಸಿಗಲ್ಲ, ರೈಲು ನಿಂತೇಹೋಗುತ್ತೆ. 2019ರ ಜನವರಿ 30ರಂದು ಶಿಕಾಗೊ ಹತ್ತತ್ತಿರ ಮೈನಸ್ 31ಕ್ಕೆ ಇಳಿದಾಗ ಶಿಕಾಗೊದ ಲೋಕಲ್ ರೈಲು ಸಂಸ್ಥೆ ಮೆಟ್ರಾದ ಈ ಬೆಂಕಿ ಫೋಟೋಗಳು ಎಲ್ಲ ಕಡೆ ಓಡಾಡಿದವು. ಅವತ್ತು ದೂರದೂರಿನ ಪ್ಯಾಸೆಂಜರ್ ರೈಲು ಓಡಿಸುವ ಆಮ್‌ಟ್ರಾಕ್ ಶಿಕಾಗೊ ರೈಲುಗಳನ್ನೇ ರದ್ದು ಮಾಡಿತ್ತು.

ನಿಜವಾದ ಬೆಂಕಿ ಕೆಲಸ ಬೇರೆ ಇದೆ. ಚಳಿಗೆ ಹಳಿ ಕುಗ್ಗಿ ಜೋಡಣೆ ಬಿಟ್ಟುಕೊಂಡರೆ, ಸೀಮೆಎಣ್ಣೆಯಲ್ಲಿ ನೆನೆಸಿದ ಹಗ್ಗವನ್ನು ಹಳಿಯ ಬುಡಕ್ಕಿಟ್ಟು ಹೊತ್ತಿಸುತ್ತಾರೆ. ಹಳಿ ಹಿಗ್ಗಿ ಬಾಯಿ ಕೂಡಿದ ಮೇಲೆ ಬೋಲ್ಟ್ ಬಿಗಿಯುತ್ತಾರೆ. ಆ ಕೆಲಸದವರ ಕೈ ತೆಗೆಯಲು ಸಿಕ್ಕರೆ ಎಂಜಿನ್‌ಗಿಂತ ಒಳ್ಳೆ ಫೋಟೋ, ನನ್ನ ಮಟ್ಟಿಗೆ.

ಸ್ವಿಚ್ ಬೆಂಕಿಗೆ ವೆಸ್ಟರ್ನ್ ಅವೆನ್ಯೂ ಸ್ಟೇಷನ್ ಹತ್ತಿರದ ಎ-2 ಜಂಕ್ಷನ್ ನೋಡಿ. ಸೂರ್ಯ ಮುಳುಗಿದ ಮೇಲೆ, ಆಕಾಶ ಇನ್ನೂ ನೀಲಿ ಇರುವಾಗ ತೆಗೆಯಿರಿ. ವೈಟ್ ಬ್ಯಾಲೆನ್ಸ್ ಡೇಲೈಟ್‌ಗೆ ಕಟ್ಟಿಹಾಕಿ, ಆಟೋ ಬಿಟ್ಟರೆ ಜ್ವಾಲೆಯ ಬಣ್ಣವೇ ಹೋಗುತ್ತೆ. ಎಕ್ಸ್‌ಪೋಶರ್ ಜ್ವಾಲೆಗೆ ಇಡಿ, ಹಿಮ ಕತ್ತಲಾದರೆ ಆಗಲಿ. ಪ್ಲಾಟ್‌ಫಾರ್ಮ್ ಅಥವಾ ರಸ್ತೆ ಬಿಟ್ಟು ಹಳಿ ಕಡೆ ಇಳಿಯಲೇಬೇಡಿ. ಅದು ರೈಲ್ವೆ ಕಂಪನಿಗಳ ಜಾಗ, ಪೊಲೀಸ್ ಕೇಸ್ ಆಗುತ್ತೆ. ಅದಕ್ಕಿಂತ ಮುಖ್ಯ, ಹೊಸ ಹಿಮ ಸದ್ದನ್ನೆಲ್ಲ ನುಂಗುತ್ತೆ. ಟೋಪಿ ಕಿವಿ ಮೇಲಿದ್ದರೆ ಬೆನ್ನ ಹಿಂದೆ ರೈಲು ಬಂದದ್ದೂ ಗೊತ್ತಾಗಲ್ಲ.

ಹಳಿಹುಚ್ಚ
ಪ್ಲಾಟ್‌ಫಾರ್ಮ್‌ನಿಂದಲೇ ತೆಗೆಯುತ್ತೇನೆ ಸರ್. ಆಫೀಸು ಬಿಟ್ಟು ಬರುವವರ ನಡುವೆ ಟ್ರೈಪಾಡ್ ಇಡಬಹುದಾ?

ಗೂಡ್ಸ್‌ಗಾಡಿ
ಬೇಡ, ಯಾರಾದರೂ ಎಡವಿ ಬೀಳ್ತಾರೆ. ಐಎಸ್‌ಒ 3200ಕ್ಕೆ ಏರಿಸಿ, ಕೈಯಲ್ಲೇ ಹಿಡಿದು ತೆಗೆಯಿರಿ.